ಕಪ್ಪು ಸ್ಪ್ರೇ ಹೊಡೆದರೆ ಕಾರಿನ ಅಡಿ ಸರಿಹೋಗುತ್ತಾ?

"ಸ್ಪೋರ್ಟ್ಸ್ ಕಾರಿನ ಅಡಿ ಉಜ್ಜಿದರೆ ಚಿಂತೆ ಬೇಡ, ಕಪ್ಪು ಸ್ಪ್ರೇ ಪೇಂಟ್ ಹೊಡೆದರೆ ಸಾಕು" ಎಂಬ ಸಲಹೆ ಎಲ್ಲೆಡೆ ಓಡಾಡುತ್ತಿದೆ. ಇದು ಅರ್ಧ ಮಾತ್ರ ನಿಜ, ಉಳಿದ ಅರ್ಧ ಅಪಾಯ.

ಉಜ್ಜಿದ್ದು ಯಾವ ವಸ್ತು ಅನ್ನುವುದೇ ಮುಖ್ಯ. ಬಂಪರ್‌ನ ಕೆಳಅಂಚಿನ ಪ್ಲಾಸ್ಟಿಕ್ ಮೇಲಿನ ಸಣ್ಣ ಗೀರಾದರೆ ಉಜ್ಜಿ ನಯ ಮಾಡಿ, ಪ್ಲಾಸ್ಟಿಕ್ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಹೊಡೆಯುವ ಪದರ) ಹಾಕಿ ಬಣ್ಣ ಹೊಡೆಯಬಹುದು. ಪ್ರೈಮರ್ ಇಲ್ಲದಿದ್ದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಕಾರ್ಬನ್ ಫೈಬರ್ ತುಕ್ಕು ಹಿಡಿಯುವುದಿಲ್ಲ. ಆದರೆ ಎಳೆ ಹೊರಬಂದಿದ್ದರೆ ರೆಸಿನ್ (ಎಳೆಗಳನ್ನು ಹಿಡಿದಿಡುವ ಅಂಟು) ತುಂಬಿ ಮುಚ್ಚಲೇಬೇಕು, ಇಲ್ಲವಾದರೆ ಪದರ ಬಿಡುತ್ತಾ ಹೋಗುತ್ತದೆ. ಉಕ್ಕಾದರೆ ತುಕ್ಕನ್ನು ಪೂರ್ತಿ ಕೆರೆದ ಮೇಲೆಯೇ ಬಣ್ಣ. ತುಕ್ಕಿನ ಮೇಲೆ ಹೊಡೆದರೆ ಅದು ಒಳಗೇ ಹರಡುತ್ತದೆ, ಕಣ್ಣಿಗೂ ಕಾಣದು.

ಬಣ್ಣಕ್ಕಿಂತ ಮೊದಲು ಆಯಿಲ್ ಪ್ಯಾನ್ (ಎಂಜಿನ್ ಅಡಿಯ ಎಣ್ಣೆ ತೊಟ್ಟಿ), ಬ್ರೇಕ್ ಪೈಪ್, ಕೂಲಂಟ್ ಪೈಪ್ ನೋಡಿ. ಜೋರಾಗಿ ತಗುಲಿದ್ದರೆ ದಯವಿಟ್ಟು ಈ ಪರೀಕ್ಷೆ ಬಿಡಬೇಡಿ. ಬರೀ ಜಾಕ್ ನಂಬಿ ಕಾರಿನಡಿ ಹೋಗಬೇಡಿ, ಕಾರಿನ ಭಾರ ಹೊರುವ ಜಾಕ್ ಸ್ಟ್ಯಾಂಡ್ ಇಡಿ.

ಇಳಿಜಾರು, ಉಬ್ಬುಗಳನ್ನು "ಓರೆಯಾಗಿ ಹತ್ತಿಸಿದರೆ ಕಾರು ಎಂದೂ ತಗುಲಲ್ಲ" ಅನ್ನುವ ಮಾತೂ ಪೂರ್ತಿ ಸರಿಯಲ್ಲ. ಇಳಿಜಾರಿನ ಅಂಚಿನಲ್ಲಿ ಕಾರಿನ ಮೂಗು (ಮುಂಭಾಗ) ಉಳಿಯುತ್ತದೆ, ನಿಜ. ಉಬ್ಬು ಎತ್ತರವಿದ್ದರೆ ಹೊಟ್ಟೆ ತಗುಲುತ್ತದೆ. ಮೊದಲೇ ನಿಧಾನ ಮಾಡಿ, ಉಬ್ಬಿನ ಬಳಿ ಬ್ರೇಕ್ ಬಿಡಿ. ಬ್ರೇಕ್ ಒತ್ತಿದರೆ ಮೂಗು ತಗ್ಗುತ್ತದೆ ಅಲ್ವಾ? ಪೋರ್ಷೆ 911ರಲ್ಲಿ ಹಾಕಿಸಿಕೊಳ್ಳಬಹುದಾದ ಲಿಫ್ಟ್ ಮುಂಭಾಗವನ್ನು ಸುಮಾರು 40 ಮಿ.ಮೀ. ಎತ್ತುತ್ತದೆ. ಅಂಚಿಗೆ ತಗುಲಿದ ಮೇಲಲ್ಲ, ಮೊದಲೇ ಲಿಫ್ಟ್‌ನ ಗುಂಡಿ ಒತ್ತಬೇಕು.