ಗಣಿ ಪ್ರಗತಿಯಲ್ಲಿದೆ

ಕೋಲಾರದ ಚಿನ್ನದ ಗಣಿ ಕೆಜಿಎಫ್ ಮತ್ತೆ ಶುರುವಾಗುತ್ತದಂತೆ. ಹೊಸ ಸುದ್ದಿ ಅಂದುಕೊಂಡು ಕುರ್ಚಿ ಎಳೆದುಕೊಳ್ಳಬೇಡಿ. 2001ರ ಫೆಬ್ರುವರಿ 28ಕ್ಕೆ ಗಣಿಗೆ ಬೀಗ ಬಿತ್ತಲ್ಲ, ಹೆಚ್ಚುಕಮ್ಮಿ ಮಾರ್ಚ್ 1ರಿಂದಲೇ ಅದು ಮತ್ತೆ ಶುರುವಾಗುತ್ತಿದೆ. ಮುಚ್ಚಿದ್ದು ವಾಜಪೇಯಿ ಕಾಲದಲ್ಲಿ. 2006ರಲ್ಲಿ ಮನಮೋಹನ್ ಸಿಂಗ್ ಸಂಪುಟ ಜಾಗತಿಕ ಟೆಂಡರ್ ಕರೆಯೋಣ ಅಂದಿತು. ವಿಷಯ ಕೋರ್ಟಿಗೆ ಹೋಯಿತು. 2013ರಲ್ಲಿ ಸುಪ್ರೀಂ ಕೋರ್ಟ್ ಆಗಲಿ ಕರೆಯಿರಿ ಅಂದಿತು. ಆಮೇಲೆ ಮೋದಿ ಬಂದರು, ಮತ್ತೆ ಶುರು ಮಾಡುವುದೂ ಮತ್ತೆ ಶುರುವಾಯಿತು. 2024ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸಂಪುಟ ಕೇಂದ್ರದ ಪ್ರಸ್ತಾವಕ್ಕೆ ಸಮ್ಮತಿ ಕೊಟ್ಟಿತು. ಕಾವೇರಿ, ಮಹದಾಯಿ, ಅನುದಾನ, ಯಾವುದರಲ್ಲೂ ಒಂದು ಮಾತಿಗೆ ಬಾರದ ಪಕ್ಷಗಳು ಇಲ್ಲಿ ಎಷ್ಟು ಚೆಂದ ಹೊಂದಿಕೊಂಡು ಹೋಗುತ್ತಿವೆ ನೋಡಿ. ಗಣಿ ತೆರೆಯುತ್ತೇವೆ ಅನ್ನುವುದರಲ್ಲಿ ಎಲ್ಲರೂ ಒಂದೇ ತಾಯಿಯ ಮಕ್ಕಳು.

ಟಿವಿಯಲ್ಲಿ ನೋಡಿರುತ್ತೀರಿ. ಹಿಂದೆ ಮಿಣಮಿಣ ಅನ್ನುವ ಚಿನ್ನದ ಗಟ್ಟಿ, ಮುಂದೆ ಏದುಸಿರು ಬಿಡುವ ನಿರೂಪಕ, ನಡುವೆ ಸಿನಿಮಾದ ಹೊಡೆದಾಟದ ಸಂಗೀತ. ಸ್ವಾಮೀ, ಸಂಪುಟ ಒಪ್ಪಿದ್ದು ಗಣಿಗಲ್ಲ, ಕಸಕ್ಕೆ. ನೂರಿಪ್ಪತ್ತು ವರ್ಷ ಬಂಡೆ ಒಡೆದು, ಹಿಟ್ಟಿನಂತೆ ಪುಡಿ ಮಾಡಿ, ಚಿನ್ನ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ಊರ ಮಗ್ಗುಲಲ್ಲೇ ಗುಡ್ಡೆ ಹಾಕಿದ್ದಾರೆ. ಅಂಥ 13 ದಿಬ್ಬ. ಸಾವಿರ ಎಕರೆಗೂ ಚೂರು ಜಾಸ್ತಿ ಜಾಗ. ಅದನ್ನು ಇನ್ನೊಂದು ಸಲ ಜಾಲಿಸಿದರೆ ತಳದಲ್ಲಿ ಏನಾದರೂ ಸಿಕ್ಕೀತು ಅನ್ನುವುದು ಯೋಜನೆ. ಮೂರು ಕಿಲೋಮೀಟರಿಗೂ ಆಳದ ಸುರಂಗಗಳಲ್ಲಿ ನೀರು ತುಂಬಿದೆ, ಅದರ ಸುದ್ದಿಗೆ ಯಾರೂ ಹೋಗಿಲ್ಲ.

ದಿಬ್ಬಗಳಲ್ಲಿ ಎಷ್ಟು ಪುಡಿ ಇದೆ? 2022ರಲ್ಲಿ ದಿಲ್ಲಿಯಿಂದ ಬಂದ ಸುದ್ದಿ ಐದು ಕೋಟಿ ಟನ್ ಅಂದಿತ್ತು. 2024ರಲ್ಲಿ ಅದು 3.3 ಕೋಟಿ ಟನ್ ಆಯಿತು. ಒಂದೊಂದು ಲೆಕ್ಕಕ್ಕೆ ಒಂದೊಂದು ಅಳತೆಗೋಲು ಇರಬಹುದು, ಇರಲಿ. ನನಗೆ ಬೇರೆಯೇ ಅನುಮಾನ. ಆ 1.7 ಕೋಟಿ ಟನ್ ಗಾಳಿಗೆ ಹೋಗಿರಬೇಕು.

ತಮಾಷೆ ಅಂದುಕೊಂಡರೆ ಆಷಾಢದಲ್ಲಿ ಒಂದು ಸಲ ಅತ್ತ ಹೋಗಿ ಬನ್ನಿ. ಚಿನ್ನ ಬಿಡಿಸಲು ಸೈನೈಡ್ ಬಳಸುತ್ತಿದ್ದರಲ್ಲ, ಜನ ಅದನ್ನು ಸೈನೈಡ್ ದಿಬ್ಬ ಅಂತಲೇ ಕರೆಯುವುದು. ದೂರಕ್ಕೆ ಬೂದಿ ಬಣ್ಣದ ಚಪ್ಪಟೆ ತಲೆಯ ಗುಡ್ಡ. ಹತ್ತಿರ ಹೋದರೆ ಮಳೆನೀರು ಕೊರೆದ ಕೊರಕಲು, ಮೇಲೆ ಹಪ್ಪಳದಂಥ ಒಂದು ಪದರ. ಕಾಲಿಟ್ಟರೆ ಪುಡಪುಡ. ಗಾಳಿ ಎದ್ದಿತೋ, ಒಣ ಹಾಕಿದ ಬಟ್ಟೆಗೆ, ಮುಚ್ಚಲು ಮರೆತ ಕೊಡಕ್ಕೆ, ತಟ್ಟೆಗೆ ಹಾಕಿದ ಅನ್ನಕ್ಕೆ, ಮಗುವಿನ ರೆಪ್ಪೆಗೆ ಎಲ್ಲಕ್ಕೂ ಸಮಪಾಲು. ಸಿನಿಮಾದವರಿಗೆ ಮಾತ್ರ ಆ ಜಾಗ ಬಲು ಪ್ರೀತಿ. ಸೆಟ್ ಹಾಕುವ ಖರ್ಚಿಲ್ಲ, ದೂಳು ಎಬ್ಬಿಸುವ ಫ್ಯಾನ್ ಬೇಡ. ಶೂಟಿಂಗ್ ಮುಗಿಸಿ ಮೈ ಕೊಡವಿಕೊಂಡು ಹೊರಡುತ್ತಾರೆ. ಅಲ್ಲೇ ಇರುವವರು ಎಲ್ಲಿಗೆ ಹೊರಡುತ್ತಾರೆ?

ಇರಲಿ, ಪ್ರಗತಿಯ ವಿಷಯಕ್ಕೆ ಬರೋಣ. ಖನಿಜ ಹುಡುಕುವುದರಲ್ಲಿ ನಮ್ಮ ದೇಶ ಎಷ್ಟು ಚುರುಕು ಅಂದರೆ, 2020ರ ಫೆಬ್ರುವರಿ ಒಂದೇ ತಿಂಗಳಲ್ಲಿ ಎರಡು ನಿಧಿ ಸಿಕ್ಕವು. ಒಂದು, ಉತ್ತರ ಪ್ರದೇಶದ ಸೋನಭದ್ರದಲ್ಲಿ ಮೂರು ಸಾವಿರ ಟನ್‌ಗೂ ಜಾಸ್ತಿ ಚಿನ್ನ. ರಿಸರ್ವ್ ಬ್ಯಾಂಕಿನ ಹತ್ತಿರ ಇರುವ ಚಿನ್ನದ ಐದು ಪಟ್ಟು ಅಂತ ಲೆಕ್ಕ ಹಾಕಿದವರು ಹಾಕಿದರು, ಸಾಲವೆಲ್ಲ ತೀರಿತು ಅಂತ ಫಾರ್ವರ್ಡ್ ಮಾಡಿದವರು ಮಾಡಿದರು. ಅಷ್ಟರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ಗಂಟಲು ಸರಿಮಾಡಿಕೊಂಡು, ನಾವು ಹಾಗೆ ಹೇಳೇ ಇಲ್ಲ, ನಮ್ಮ ಲೆಕ್ಕದಲ್ಲಿ ಅಲ್ಲಿ ಸಿಗಬಹುದಾದ್ದು 160 ಕೆಜಿ ಅಂದರು. ಸಾವಿರಾರು ಟನ್‌ನಿಂದ 160 ಕೆಜಿಗೆ! ಮದುವೆ ಸೀಸನ್‌ನಲ್ಲಿ ಜಯನಗರದ ಒಂದೆರಡು ದೊಡ್ಡ ಆಭರಣದ ಅಂಗಡಿ ಜಾಲಾಡಿದರೆ ಅಷ್ಟು ಸಿಕ್ಕೀತು, ಕೊರೆಯುವ ಯಂತ್ರವೂ ಬೇಡ.

ಎರಡನೆಯದು ನಮ್ಮ ಮಂಡ್ಯದ ಲಿಥಿಯಂ, ಬ್ಯಾಟರಿಗೆ ಬೇಕಾಗುವ ಲೋಹ. ಶ್ರೀರಂಗಪಟ್ಟಣ ತಾಲ್ಲೂಕಿನ ಅಲ್ಲಾಪಟ್ಟಣದ ಆಸುಪಾಸಿನಲ್ಲಿ 14,100 ಟನ್ ಇದೆ ಅಂತ ಅಂದಾಜು ಹೊರಬಿತ್ತು. ಮಂಡ್ಯದ ನೆಲದಿಂದ ಅದುವರೆಗೆ ಹುಟ್ಟುತ್ತಿದ್ದದ್ದು ಭತ್ತ, ಕಬ್ಬು ಮತ್ತು ಹೋರಾಟ. ಲಿಥಿಯಂ ತಿನ್ನುವುದೋ ಉಡುವುದೋ ಗೊತ್ತಿಲ್ಲದವರೂ ಸುತ್ತಮುತ್ತ ಎಕರೆಗೆ ಏನು ರೇಟು ಅಂತ ವಿಚಾರಿಸತೊಡಗಿದರು. ವರ್ಷ ತುಂಬುವ ಹೊತ್ತಿಗೆ ಸರ್ಕಾರ ಸಂಸತ್ತಿನಲ್ಲಿ ಹೇಳಿದ ಲೆಕ್ಕ 1,600 ಟನ್. ಒಂದು ಎಲೆಕ್ಟ್ರಿಕ್ ಕಾರಿಗೆ ಎಂಟು ಕೆಜಿ ಅಂತ ಹಿಡಿದರೆ ಎರಡು ಲಕ್ಷ ಕಾರಿಗೆ ಸರಿಹೋಯಿತು. ಅಷ್ಟು ಕಾರು ಶುಕ್ರವಾರ ಸಂಜೆ ಸಿಲ್ಕ್ ಬೋರ್ಡ್ ಹತ್ತಿರವೇ ನಿಂತಿರುತ್ತವೆ. ಆದರೆ ಈ 1,600 ಟನ್ ಇದೆಯಲ್ಲ, ಅದಕ್ಕೆ ಸಾವಿಲ್ಲ. 2024ರ ಜುಲೈನಲ್ಲಿ ರಾಜ್ಯಸಭೆಯಲ್ಲಿ ಸಚಿವರು ಅದನ್ನೇ ಇನ್ನೊಂದು ಸಲ ಓದಿದರು, ಜೊತೆಗೆ ಯಾದಗಿರಿಯ ಹೆಸರನ್ನೂ ಸೇರಿಸಿದರು. ಮಾರನೆಯ ದಿನ ಮತ್ತೆ ‘ಮಂಡ್ಯದಲ್ಲಿ ಭಾರೀ ಲಿಥಿಯಂ ಪತ್ತೆ’. ಒಂದೇ ಕಲ್ಲು, ನಾಲ್ಕು ವರ್ಷ, ಮೂರು ಪತ್ತೆ. ಪೊಲೀಸರು ಕಳ್ಳರನ್ನು ಇಷ್ಟು ಶ್ರದ್ಧೆಯಿಂದ ಪತ್ತೆ ಮಾಡಿದ್ದರೆ!

ಜಮ್ಮುವಿನ ರಿಯಾಸಿಯ ಲಿಥಿಯಂ ಕಥೆಯಂತೂ ಕೇಳಲೇಬೇಡಿ. 2023ರ ಫೆಬ್ರುವರಿಯಲ್ಲಿ 59 ಲಕ್ಷ ಟನ್. (ಈ ಫೆಬ್ರುವರಿಗೂ ಖನಿಜಕ್ಕೂ ಏನು ನಂಟೋ. ಬಜೆಟ್ ಮುಗಿದು ಜನ ಸಪ್ಪಗಿರುವ ತಿಂಗಳು ಅಂತಲೋ ಏನೋ.) ಅದು ಅದಿರಿನ ತೂಕ, ಲೋಹದ್ದಲ್ಲ ಅಂತ ಯಾರು ಕೇಳಿಸಿಕೊಳ್ಳುತ್ತಾರೆ? ಚೀನಾಕ್ಕೆ ನಡುಕ ಅಂತ ಚಾನೆಲ್‌ಗಳು ಹೇಳಿದವು. ಆ ವರ್ಷದ ಕೊನೆಗೆ ಹರಾಜಿಗೆ ಇಟ್ಟರು. ನಿಯಮದ ಪ್ರಕಾರ ಮೂರು ಅರ್ಹ ಬಿಡ್‌ದಾರರಾದರೂ ಬೇಕು. ಬರಲಿಲ್ಲ. ರದ್ದು. ಇನ್ನೊಂದು ಸಲ ಇಟ್ಟರು. ಅದೂ ರದ್ದು. ಚೀನಾದ ನಡುಕ ಅಷ್ಟರಲ್ಲಿ ನಿಂತಿರಬೇಕು.

ಇದರಲ್ಲಿ ಭೂವಿಜ್ಞಾನಿಗಳ ತಪ್ಪೇನಿಲ್ಲ, ಪಾಪ. ಬಿಸಿಲಲ್ಲಿ ಸುತ್ತಿಗೆ ಹಿಡಿದು ಅಲೆಯುತ್ತಾರೆ. ಕೊರೆದು ತೆಗೆದ ಕಲ್ಲಿನ ಕೋಲುಗಳಿಗೆ ನಂಬರು ಬರೆದು ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿಸುತ್ತಾರೆ. ಅವರ ವರದಿಯಲ್ಲಿ ಎಲ್ಲದಕ್ಕೂ ದರ್ಜೆ ಇದೆ: ಜಿ-4, ಜಿ-3, ಜಿ-2, ಜಿ-1. ನಮ್ಮ ಕಡೆ ಮದುವೆ ಕುದುರುತ್ತದಲ್ಲ, ಹಾಗೆ. ಜಿ-4 ಅಂದರೆ ಆ ಊರಲ್ಲಿ ಒಬ್ಬ ಗಂಡು ಇದ್ದಾನಂತೆ ಅನ್ನುವ ಮಾತು. ಜಿ-3ಕ್ಕೆ ಫೋಟೋ ಕೈಗೆ ಬಂತು. ಜಿ-2ರಲ್ಲಿ ಅಕ್ಕಪಕ್ಕದ ಮನೆಯಲ್ಲಿ ವಿಚಾರಣೆ. ಜಿ-1ರಲ್ಲಿ ಗಂಡು ನಿಮ್ಮನೆ ಜಗಲಿಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದಾನೆ. ಅಲ್ಲಿಗೂ ಮದುವೆ ಆಯಿತು ಅಂತಲ್ಲ, ಕೊಟ್ಟು ತಂದರೆ ಗಿಟ್ಟುತ್ತದಾ ಅಂತ ಲೆಕ್ಕ ನೋಡುವುದು ಬಾಕಿ. ನಮ್ಮ ಮಂತ್ರಿಗಳು ಜಿ-3ರಲ್ಲೇ ನಾಮಕರಣದ ಹೋಳಿಗೆ ಹಂಚಿ, ಮಗು ಅಪ್ಪನ ಥರ ಇದೆ ಅಂದುಬಿಡುತ್ತಾರೆ.

ಹುಡುಕುವವರ ಮಾತು ಬಂತು ಅಂತ ನೆನಪಾಯಿತು. 1915ರಲ್ಲಿ ಬೀಡನ್ ಅಂತ ಒಬ್ಬ ಗಣಿ ಎಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನ ಹುಡುಕುತ್ತಿದ್ದ. ಆಗ ಅದು ನಿಜಾಮರ ರಾಜ್ಯ. ಗುಡ್ಡದ ಒಂದು ಬಂಡೆಯ ಮೇಲೆ ಅವನ ಕಣ್ಣಿಗೆ ಬಿದ್ದದ್ದು ಅಕ್ಷರ. ಓದಿಸಿ ನೋಡಿದರೆ ಅಶೋಕನ ಶಾಸನ. ಅದುವರೆಗೆ ಸಿಕ್ಕಿದ್ದವುಗಳಲ್ಲಿ ಬರೀ ‘ದೇವಾನಂಪ್ರಿಯ’ ಅಂತ ಇತ್ತು. ಯಾರಪ್ಪ ಈ ದೇವರ ಪ್ರೀತಿಯ ಮನುಷ್ಯ ಅಂತ ವಿದ್ವಾಂಸರು ತಲೆ ಕೆರೆದುಕೊಳ್ಳುತ್ತಿದ್ದಾಗ, ಮಸ್ಕಿಯ ಬಂಡೆಯಲ್ಲಿ ಅಶೋಕ ಅಂತ ಹೆಸರೇ ಇತ್ತು. ಚಿನ್ನ ಹುಡುಕಲು ಹೋದವನಿಗೆ ಚಕ್ರವರ್ತಿಯೇ ಸಿಕ್ಕಿದ. ಇವತ್ತಾಗಿದ್ದರೆ ಆ ಬಂಡೆಯನ್ನು ಜಲ್ಲಿ ಮಾಡಿ ಹೈವೇಗೆ ಹಾಕಿ, ರಸ್ತೆಗೆ ಅಶೋಕನ ಹೆಸರಿಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಅದೇ ಸೀಮೆಯ ಹಟ್ಟಿಯಲ್ಲಿ ನಿಜವಾದ ಚಿನ್ನದ ಗಣಿ ಇದೆ, ರಾಜ್ಯ ಸರ್ಕಾರದ್ದೇ. ವರ್ಷಕ್ಕೆ ಒಂದೂವರೆ ಟನ್ ಆಸುಪಾಸು ತೆಗೆಯುತ್ತಾರೆ. ಟಿವಿಗೆ ಅದು ಬೇಡ. ಈಗಾಗಲೇ ನಡೆಯುತ್ತಿರುವ ಗಣಿಯನ್ನು ‘ಮತ್ತೆ ಶುರು’ ಮಾಡಲು ಬರುವುದಿಲ್ಲವಲ್ಲ.

ಹಾಗಂತ ನಮಗೆ ಗಣಿ ಮಾಡಲು ಬರುವುದೇ ಇಲ್ಲ ಅಂದರೆ ಬಳ್ಳಾರಿಯವರು ಬೇಜಾರು ಮಾಡಿಕೊಂಡಾರು. ಅಲ್ಲಿ ಪತ್ರಿಕಾಗೋಷ್ಠಿ ಇರಲಿಲ್ಲ, ಜಿ-4 ಇರಲಿಲ್ಲ, ಟೆಂಡರ್ ಕಾಟವೂ ಇರಲಿಲ್ಲ. ಅಗೆದರು, ತುಂಬಿದರು, ಹೊರಟರು. ಸಂಡೂರಿನ ರಸ್ತೆಯಲ್ಲಿ ಬೆಳಗೂ ರಾತ್ರಿಯೂ ಲಾರಿ. ಗಿಡದ ಎಲೆ, ದನದ ಬೆನ್ನು, ದೇವಸ್ಥಾನದ ಗೋಪುರ ಎಲ್ಲ ಒಂದೇ ಕೆಂಪು. 2011ರಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂದಾಗ ಗೊತ್ತಾಯಿತು, ನಾಲ್ಕೈದು ವರ್ಷದಲ್ಲಿ ಅಕ್ರಮವಾಗಿ ಹೊರದೇಶಕ್ಕೆ ಹೋದ ಕಬ್ಬಿಣದ ಅದಿರು 2.98 ಕೋಟಿ ಟನ್ ಅಂತ. ನೆಲದಲ್ಲಿ ಇರುವುದನ್ನು ಅಳೆಯುವಾಗ ನಮ್ಮ ತಕ್ಕಡಿ ಎಡವುತ್ತದೆ. ಕಳುವಾದದ್ದರ ಲೆಕ್ಕ ಮಾತ್ರ ದಶಮಾಂಶದ ಸಮೇತ ಸಿಗುತ್ತದೆ. ಬೇಲೇಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರೂ 2010ರಲ್ಲಿ ಮಾಯವಾಯಿತು, ನೆನಪಿದೆಯಾ? ಉಂಗುರ ಕಳೆಯುವುದು ಗೊತ್ತು. ಗುಡ್ಡ ಕಳೆದುಹೋಗುವುದನ್ನು ನಾವೇ ಜಗತ್ತಿಗೆ ತೋರಿಸಿದ್ದು.

ಮತ್ತೆ ಕೋಲಾರಕ್ಕೆ ಬರುತ್ತೇನೆ, ಇಲ್ಲಿ ನಗು ಬರುತ್ತಿಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕರೆಂಟು ಹುಟ್ಟಿದಾಗ ಅದು ಮೊದಲು ಹೋದದ್ದು ಕೋಲಾರದ ಗಣಿಗೆ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ತೊಂಬತ್ತು ಚಿಲ್ಲರೆ ಮೈಲಿ ತಂತಿ ಎಳೆಯುವಷ್ಟು ಅವಸರ ಇದ್ದವರಿಗೆ ಕೂಲಿಯವರ ಲೈನ್ ಮನೆಗಳಿಗೆ ನೆಟ್ಟಗಿನ ಒಂದು ಪಾಯಿಖಾನೆ ಕಟ್ಟಿಸಲು ಪುರುಸೊತ್ತಾಗಲಿಲ್ಲ. ಬ್ರಿಟಿಷರು ಹೋದರು. ನಮ್ಮವರು ಬಂದರು. ಆಮೇಲೂ ಆಗಲಿಲ್ಲ. ಎಂಟುನೂರು ಟನ್‌ಗೂ ಮೇಲೆ ಚಿನ್ನ ಕೊಟ್ಟ ಊರಿನಲ್ಲಿ ಈ ಶತಮಾನದಲ್ಲೂ ಮನುಷ್ಯರು ಮನುಷ್ಯರ ಮಲ ಬಳಿದಿದ್ದಾರೆ. ಕಾದ ಬಂಡೆಯ ನಡುವೆ, ಅದು ಯಾವಾಗ ಸಿಡಿಯುತ್ತದೋ ಅಂತ ಜೀವ ಕೈಯಲ್ಲಿ ಹಿಡಿದು ಕೆಲಸ ಮಾಡಿದವರಿಗೆ ಶ್ವಾಸಕೋಶದ ತುಂಬ ಕಲ್ಲಿನ ಪುಡಿ ಉಳಿಯಿತು. ಮುಚ್ಚಿದ ಮೇಲೆ ಬಾಕಿ ಕೊಡಿ, ಇರುವ ಮನೆಯನ್ನು ನಮ್ಮ ಹೆಸರಿಗೆ ಮಾಡಿಕೊಡಿ ಅಂತ ಕೇಳುತ್ತಾ ಕೇಳುತ್ತಾ ಎಷ್ಟೋ ಜನ ತೀರಿಕೊಂಡರು. ಅವರ ಮಕ್ಕಳು ಮೊಮ್ಮಕ್ಕಳು ಕತ್ತಲೆ ಇರುವಾಗಲೇ ಎದ್ದು ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ಬರುತ್ತಾರೆ. ಸೆಕ್ಯುರಿಟಿ, ಹೌಸ್‌ಕೀಪಿಂಗ್, ಅಂಗಡಿ, ಆಸ್ಪತ್ರೆ, ಕಂಪನಿ. ರಾತ್ರಿ ಅದೇ ರೈಲಿನಲ್ಲಿ ನಿಂತುಕೊಂಡು ವಾಪಸ್. ಆ ರೈಲಿಗೆ ಸ್ವರ್ಣ ಅಂತ ಹೆಸರಿಡಲು ಯಾರಿಗೆ ಮನಸ್ಸು ಬಂತೋ. ಪ್ರತಿ ಚುನಾವಣೆಗೆ ಇವರ ಮುಂದೆ ನಿಂತು ಗಣಿ ತೆರೆಸುತ್ತೇವೆ ಅನ್ನುತ್ತಾರೆ. ಹೇಳುವವರಿಗೆ ನಾಚಿಕೆ ಬೇಡವಾ?

ಸರಿ, ದಿಬ್ಬದಿಂದ ಎಷ್ಟು ಚಿನ್ನ ಸಿಗುತ್ತದಂತೆ? ಅಂದಾಜು 23 ಟನ್. ದೇಶ ವರ್ಷಕ್ಕೆ ಏಳೆಂಟು ನೂರು ಟನ್ ಚಿನ್ನ ತರಿಸಿಕೊಳ್ಳುತ್ತದೆ, ಅಂದರೆ ಇದು ಹನ್ನೊಂದು ಹನ್ನೆರಡು ದಿನದ ಖರ್ಚು. ಒಂದು ಅಕ್ಷಯ ತೃತೀಯ ಮತ್ತು ಅದರ ಹಿಂದಿನ ವಾರ. ಬೇಡ ಅನ್ನುತ್ತಿಲ್ಲ, 23 ಟನ್ ಸುಮ್ನೆ ಬರುವ ಮಾತಲ್ಲ. ತೆಗೆಯಲಿ. ಆದರೆ 3.3 ಕೋಟಿ ಟನ್‌ನಿಂದ 23 ಟನ್ ಕಳೆದರೆ ಉಳಿಯುವುದು 3 ಕೋಟಿ 29 ಲಕ್ಷದ 99 ಸಾವಿರದ 977 ಟನ್. ಇಷ್ಟು ವರ್ಷ ಬಿದ್ದು ಅಷ್ಟಿಷ್ಟು ಗಟ್ಟಿಯಾಗಿದ್ದ ದಿಬ್ಬವನ್ನು ಕೆದಕಿ, ನೀರಲ್ಲಿ ಕಲಸಿ, ಚಿನ್ನ ಬಸಿದುಕೊಂಡ ಮೇಲೆ ಅಷ್ಟೂ ಪುಡಿಯನ್ನು ಎಲ್ಲಾದರೂ ಹಾಕಲೇಬೇಕಲ್ಲ. ಯಾವ ಸರ್ವೆ ನಂಬರಿನಲ್ಲಿ? ಯಾರ ಮನೆಯ ಹಿಂದೆ? ಮೇಲೆ ಹುಲ್ಲು ಬೆಳೆಸುವವರು ಯಾರು, ಆಷಾಢಕ್ಕೆ ಮೊದಲು ನೀರು ಹೊಡೆಸುವವರು ಯಾರು? ಇಷ್ಟೊಂದು ಟಿವಿ ಚರ್ಚೆಯಲ್ಲಿ ಆ ಪ್ರಶ್ನೆ ಕೇಳಿದ್ದು ನನ್ನ ಕಿವಿಗಂತೂ ಬೀಳಲಿಲ್ಲ. ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯ ಯಾವ ಅಜ್ಜಿಯನ್ನು ಮಾತಾಡಿಸಿದ್ದರೂ ಆಕೆ ಮೊದಲು ಕೇಳುತ್ತಿದ್ದದ್ದು ಅದನ್ನೇ.