ಎರಡು ಹೆಜ್ಜೆ ಹಿಂದಕ್ಕೆ

ಮನೆಯ ಒಳಗನ್ನು ಹೊಸದು ಮಾಡಿಸಲು ಹೊರಟಾಗ ನಮ್ಮ ಬೇಡಿಕೆ ಎರಡೇ ಇದ್ದವು. ಬೆಳಕು ಬರಬೇಕು, ಗಲೀಜು ಕಾಣಬಾರದು. ಇಂಟೀರಿಯರ್ ಮಾಡುವ ಹುಡುಗಿ ಮಾತು ಮುಗಿಯುವುದನ್ನೂ ಕಾಯದೆ ಬ್ಯಾಗಿನಿಂದ ಅಂಗೈಯಗಲದ ಒಂದು ಗಾಜಿನ ತುಂಡು ತೆಗೆದಳು. ಪೆನ್ಸಿಲುಗಳನ್ನು ಒತ್ತೊತ್ತಾಗಿ ಜೋಡಿಸಿ ಅಂಟಿಸಿದಂತೆ ಮೈತುಂಬ ಉದ್ದುದ್ದ ಏಣು. ಅದನ್ನು ಮುಖದಿಂದ ಒಂದು ತೋಳಿನಷ್ಟು ದೂರ ಹಿಡಿದು, "ನನ್ನ ಮುಖ ಕಾಣ್ತಿದೆಯಾ ಸಾರ್?" ಎಂದಳು. ಕಾಣುತ್ತಿರಲಿಲ್ಲ. "ಬೆಳಕು?" ಬರುತ್ತಿತ್ತು. "ಫ್ಲೂಟೆಡ್ ಗ್ಲಾಸ್" ಎಂದು ತುಂಡನ್ನು ಬ್ಯಾಗಿಗೆ ಹಾಕಿಕೊಂಡಳು. ಆ ತೋಳಿನಷ್ಟು ದೂರವನ್ನು ನಾನು ಅವತ್ತೇ ಗಮನಿಸಬೇಕಿತ್ತು.

"ಫ್ಲೂಟು ಅಂದ್ರೆ ಕೊಳಲಲ್ವೇನೋ? ಗಾಳಿ ಬೀಸಿದ್ರೆ ಊದತ್ತಾ?" ಎಂದರು ಅಮ್ಮ. ಹಳೆಯ ಕಲ್ಲುಕಂಬಗಳ ಮೈಮೇಲೆ ಮೇಲಿಂದ ಕೆಳಕ್ಕೆ ತೋಡು ಕೊರೆದಿರುತ್ತಾರಲ್ಲ, ಅದಕ್ಕೂ ಫ್ಲೂಟ್ ಅಂತಲೇ ಹೆಸರು ಎಂದು ವಿವರಿಸಿದೆ. ಕಟ್ಟಡದವರ ಲೆಕ್ಕದಲ್ಲಿ ಗೆರೆ ಒಳಕ್ಕೆ ಕುಸಿದಿದ್ದರೆ ಫ್ಲೂಟೆಡ್, ಹೊರಕ್ಕೆ ಉಬ್ಬಿದ್ದರೆ ರೀಡೆಡ್. ಗಾಜಿನವರು ಎರಡನ್ನೂ ಒಂದೇ ಹೆಸರಿನಲ್ಲಿ ಮಾರಿಬಿಡುತ್ತಾರೆ. ನಮ್ಮದು ಉಬ್ಬಿದ್ದು, ಬಿಲ್ಲಿನಲ್ಲಿ ಮಾತ್ರ ಫ್ಲೂಟೆಡ್. 1920, 30ರ ದಶಕದಲ್ಲಿ, ಆರ್ಟ್ ಡೆಕೋ ಎಂಬ ಅಲಂಕಾರ ಶೈಲಿಯ ಕಾಲದಲ್ಲಿ, ಇದು ಒಮ್ಮೆ ಮೆರೆದಿತ್ತು, ಈಗ ಮತ್ತೆ ಬಂದಿದೆ ಅಂದಾಗ ಅಮ್ಮನಿಗೆ ಸಮಾಧಾನವಾಯಿತು. "ಪಫ್ ತೋಳಿನ ಬ್ಲೌಸ್ ಥರ ಅನ್ನು" ಎಂದು ಎದ್ದು ಹೋದರು.

ಹಾಲ್‌ಗೂ ನಾನು ಆಫೀಸು ಕೆಲಸ ಮಾಡುವ ಮೂಲೆಗೂ ನಡುವೆ ನಾಲ್ಕು ಗಾಜಿನ ಒಂದು ತಡೆ, ಪುಸ್ತಕ ಮತ್ತು ಸಾಮಾನಿನ ಕಪಾಟಿಗೆ ಬಾಗಿಲು, ಸ್ನಾನದ ಮನೆಯಲ್ಲಿ ಷವರಿನ ಪಕ್ಕ ಒಂದು ಅಡ್ಡಗಾಜು. ಇಷ್ಟು ತೀರ್ಮಾನವಾಯಿತು. ಅಳತೆ ಬರೆದುಕೊಡುವ ಕೆಲಸವನ್ನು ಯಾರೂ ಕೇಳದಿದ್ದರೂ ನಾನೇ ಮೈಮೇಲೆ ಎಳೆದುಕೊಂಡೆ. ಮೂರು ಗಾಜಿಗೆ ಮೊದಲು ಅಗಲ, ಆಮೇಲೆ ಎತ್ತರ ಬರೆದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಫೋನ್ ಬಂತು. ಮಾತಾಡುತ್ತಲೇ ಮೊದಲು ಎತ್ತರ, ಆಮೇಲೆ ಅಗಲ ಬರೆದೆ.

ಬರೀ ಗಾಜಾಗಿದ್ದರೆ ಏನೂ ಆಗುತ್ತಿರಲಿಲ್ಲ, ತಿರುಗಿಸಿ ಕೂರಿಸಿದರೆ ಮುಗಿಯಿತು. ಆದರೆ ಗೆರೆಯ ಗಾಜಿಗೆ ಸೀರೆಯ ಹಾಗೆ ಉದ್ದ ಬೇರೆ, ಅಡ್ಡ ಬೇರೆ. ಮೂರು ಗಾಜಿನ ಗೆರೆ ನೆಟ್ಟಗೆ ನಿಂತವು, ನಾಲ್ಕನೆಯದರದ್ದು ಅಡ್ಡಡ್ಡ ಮಲಗಿದವು.

"ತಿರುಗಿಸಿ ಹಾಕಕ್ಕಾಗಲ್ವಾ?" ಎಂದೆ.

ಗಾಜಿನವನು ನನ್ನನ್ನೇ ಒಂದು ಕ್ಷಣ ನೋಡಿದ. "ತಿರುಗಿಸಿದ್ರೆ ಗೆರೆ ಎದ್ದು ನಿಲ್ಲತ್ತೆ ಸಾರ್. ಗಾಜು ಮಲಕ್ಕೊಳತ್ತೆ."

ಹಾಗಾದರೆ ಕತ್ತರಿಸಿ ಕಪಾಟಿಗಾದರೂ ಹಾಕೋಣ ಅಂದರೆ ಅದೂ ಆಗದು. ಇದು ಟಫನ್ ಮಾಡಿಸಿದ ಗಾಜು. ಕರಗಿದ ಗಾಜನ್ನು ಗೆರೆ ಕೊರೆದ ಉರುಳೆಯಡಿ ಹಾಯಿಸಿದಾಗ ಈ ಏಣು ಮೂಡುತ್ತದೆ. ಆಮೇಲೆ ಅಳತೆಗೆ ಕತ್ತರಿಸಿ, ತೂತು ಬೇಕಾದಲ್ಲಿ ಕೊರೆದು, 600 ಡಿಗ್ರಿಗೂ ಮೇಲೆ ಕಾಯಿಸಿ ರಪ್ಪನೆ ತಣ್ಣನೆ ಗಾಳಿ ಊದುತ್ತಾರೆ. ಹೊರಮೈ ಮೊದಲು ಗಟ್ಟಿಯಾಗಿ, ಒಳಗಿನದು ತಡವಾಗಿ ಆರಿ ಎಳೆದು ಹಿಡಿಯುವುದರಿಂದ ಬಲ ಬರುತ್ತದೆ. ಬಲ ಬಂದಮೇಲೆ ಅದು ಯಾರ ಮಾತೂ ಕೇಳುವುದಿಲ್ಲ. ಕತ್ತರಿಸಲು ಹೋದರೆ ಇಡೀ ಗಾಜು ಕಲ್ಲುಸಕ್ಕರೆಯಂತೆ ಪುಡಿಪುಡಿ. ಗಾಜಿನವನು ಹೀಗೆ ವಿವರಿಸುತ್ತಿದ್ದಾಗ ನನ್ನ ಹೆಂಡತಿ ನಾಲ್ಕನ್ನೂ ಒಂದು ಸಲ ನೋಡಿ, "ಮೂರಕ್ಕೆ ನಾಮ, ಒಂದಕ್ಕೆ ವಿಭೂತಿ. ಪಂಗನಾಮ ನಮಗೆ" ಎಂದು ಒಳಗೆ ಹೋದಳು.

ಕಪಾಟಿನ ಕಥೆ ಇನ್ನೊಂದು. ಏನೂ ಕಾಣುವುದಿಲ್ಲವಲ್ಲ ಎಂಬ ಧೈರ್ಯದಿಂದ ಹಳೆಯ ಚಾರ್ಜರು, ಮಡಿಸದ ಬೆಡ್‌ಶೀಟು, ಅರ್ಧ ಸುರುಳಿ ಸುತ್ತಿದ ಯೋಗ ಮ್ಯಾಟು, ಎಲ್ಲವನ್ನೂ ತುರುಕಿ ಭುಜ ಕೊಟ್ಟು ಬಾಗಿಲು ಮುಚ್ಚಿದೆ. ಸೋಫಾದಲ್ಲಿ ಕೂತು ನೋಡಿದರೆ ಎಲ್ಲವೂ ಕಾಣುತ್ತಿದೆ! ಬೆಡ್‌ಶೀಟಿನ ಹೂವು ಸಮೇತ. ಮೋಸವಾಯಿತೆಂದು ಇಂಟೀರಿಯರ್ ಹುಡುಗಿಗೆ ಫೋನ್ ಮಾಡಲು ಹೊರಟವನನ್ನು ಏಳನೇ ಕ್ಲಾಸಿನ ಮಗಳು ತಡೆದು, ಒಂದು ಪತ್ರಿಕೆ ತಂದಳು. ಗಾಜಿನ ಹಿಂದೆ ಅದನ್ನು ಒತ್ತಿ ಹಿಡಿದಳು. ದಪ್ಪಕ್ಷರದ ತಲೆಬರಹ ತುಸು ತುಂಡಾದರೂ ಓದಲು ಬಂತು. ನಾಲ್ಕು ಬೆರಳು ಹಿಂದಕ್ಕೆ ಸರಿಸಿದಳು. ಅಕ್ಷರಗಳು ಎಡಕ್ಕೂ ಬಲಕ್ಕೂ ಹಿಗ್ಗಿ ಒಂದರೊಳಗೊಂದು ಸೇರಿಕೊಂಡವು. ಒಂದು ಮೊಳ ಹಿಂದಕ್ಕೆ ಹೋದಾಗ ಉಳಿದದ್ದು ಬೂದು ಬಣ್ಣ ಮಾತ್ರ. "ಒಂದೊಂದು ಏಣೂ ಒಂದೊಂದು ಲೆನ್ಸ್ ಅಪ್ಪ. ಅಂಟಿಕೊಂಡಿದ್ರೆ ಬೆಳಕು ಸರಿಯೋಕೆ ಜಾಗ ಎಲ್ಲಿರತ್ತೆ? ದೂರ ಇದ್ರೆ ಚೆನ್ನಾಗಿ ಕಲಸಿಹೋಗತ್ತೆ" ಎಂದಳು.

ಅಂದರೆ ಗಲೀಜು ಮುಚ್ಚಬೇಕಾದರೆ ಅದನ್ನು ಗಾಜಿನಿಂದ ದೂರ, ಅಂದವಾಗಿ ಜೋಡಿಸಿಡಬೇಕು. ಅಷ್ಟು ಅಂದವಾಗಿ ಜೋಡಿಸಿದ ಮೇಲೆ ಮುಚ್ಚುವುದೇಕೆ ಎಂದು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಆಫೀಸು ಮೂಲೆಯಲ್ಲಿ ನಾನು ಗಾಜಿಗೆ ಬೆನ್ನು ಕೊಟ್ಟು ಕೂರುತ್ತೇನೆ. ಮೊದಲ ವಿಡಿಯೊ ಕಾಲ್‌ನಲ್ಲಿ ಎಲ್ಲರೂ ಗಂಭೀರವಾಗಿ ಲೆಕ್ಕ ಒಪ್ಪಿಸುತ್ತಿದ್ದಾಗ ಸಹೋದ್ಯೋಗಿಯೊಬ್ಬ, "ಸಾರ್, ನಿಮ್ಮ ಹಿಂದೆ ಒಂದು ಬಾರ್‌ಕೋಡ್ ಓಡಾಡ್ತಿದೆ" ಎಂದ. ತಿರುಗಿ ನೋಡಿದರೆ ಅಮ್ಮ. ಕೆಂಪು ನೈಟಿ ಮೂರು ಗಾಜಿನುದ್ದಕ್ಕೂ ಪಟ್ಟಿ ಪಟ್ಟಿಯಾಗಿ ಹರಡಿಕೊಂಡಿತ್ತು. ನಾಲ್ಕನೆಯ ಗಾಜಿಗೆ ಬಂದೊಡನೆ ಬಾರ್‌ಕೋಡ್ ಅಡ್ಡಬಿದ್ದು ಏಣಿಯ ಮೆಟ್ಟಿಲಾಯಿತು.

ಆ ಅಡ್ಡಗೆರೆಯ ಗಾಜಿನ ಮೇಲೆ ನನಗೆ ಬೇರೆಯದೇ ಸಿಟ್ಟಿದೆ. ನೆಟ್ಟಗೆರೆ ಆಕೃತಿಯನ್ನು ಪಕ್ಕಕ್ಕೆ ಮಾತ್ರ ಎಳೆಯುತ್ತದೆ. ಎತ್ತರಕ್ಕೆ ಕೈ ಹಚ್ಚುವುದಿಲ್ಲ. ಹಾಗಾಗಿ ಮುಖ ತಿಳಿಯದಿದ್ದರೂ ತಲೆ ಎಷ್ಟೆತ್ತರದಲ್ಲಿದೆ ಎಂದು ನೋಡಿಯೇ ಅಮ್ಮ ಯಾರು ಬಂದರೆಂದು ಹೇಳಿಬಿಡುತ್ತಾರೆ. ಅಡ್ಡಗೆರೆಯದು ತದ್ವಿರುದ್ಧ. ಎತ್ತರವನ್ನೆಲ್ಲ ಕಲಸಿಹಾಕಿ, ಅಗಲವನ್ನು ಮಾತ್ರ ಹರಿಶ್ಚಂದ್ರನಂತೆ ಒಪ್ಪಿಸುತ್ತದೆ. ನಾನು ಅದರ ಹಿಂದೆ ನಿಂತರೆ ತಲೆ, ಕತ್ತು, ಕಾಲು ಒಂದೂ ಇಲ್ಲ. ಹೊಟ್ಟೆಯ ಅಗಲವೊಂದೇ ಮೇಲಕ್ಕೂ ಕೆಳಕ್ಕೂ ಹಬ್ಬಿಕೊಂಡಿರುತ್ತದೆ. "ಅಪ್ಪ ಬೀರು ಆಗಿದಾರೆ" ಎನ್ನುತ್ತಾಳೆ ಮಗಳು.

ಷವರಿನ ಗಾಜಿಗೆ ಒಂದು ಮೈ ನುಣುಪು, ಒಂದು ಮೈ ಏಣು. ನುಣುಪಿನದು ನೀರಿನ ಕಡೆಗಿರಬೇಕು. ನಮ್ಮದು ಏಣಿನ ಮೈ ಒಳಗಿಟ್ಟು ಕೂತಿದೆ, ಯಾಕೆಂದರೆ ಹೊರಗಿನಿಂದ ಒರೆಸಲು ಸುಲಭವಾಗಲಿ ಎಂದು ಸಲಹೆ ಕೊಟ್ಟವನು ನಾನೇ. ಸಾಬೂನಿನ ನೊರೆ, ಗಡಸು ನೀರಿನ ಬಿಳಿ ಕಲೆ ಈಗ ಒಂದೊಂದು ತೋಡಿನಲ್ಲೂ ಬೀಡುಬಿಟ್ಟಿವೆ. ಅಡ್ಡ ಒರೆಸಿದರೆ ಏಣಿನ ನೆತ್ತಿಯಷ್ಟೇ ಹೊಳೆಯುತ್ತದೆ. ಮೇಲಿಂದ ಕೆಳಕ್ಕೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ, ಒಂದೊಂದೇ ತೋಡು ಉಜ್ಜಬೇಕು. ಭಾನುವಾರ ನಾನು ಎಣಿಸಿದ್ದೇನೆ, 75 ಇವೆ. ನಲವತ್ತರ ಹತ್ತಿರ ಎಲ್ಲಿ ನಿಲ್ಲಿಸಿದ್ದೆ ಎಂಬುದು ಮರೆತುಹೋಗುತ್ತದೆ. ಟವೆಲ್ಲಿಗೆ ಎಂದು ಅದೇ ಮೈಗೆ ರಬ್ಬರ್ ಬಟ್ಟಲಿನ ಕೊಕ್ಕೆ ಅಂಟಿಸಿದ್ದೆ. ತೋಡಿನೊಳಗಿಂದ ಗಾಳಿ ನುಗ್ಗುತ್ತದಲ್ಲ, ಟವೆಲ್ ಅತ್ಯಂತ ಅಗತ್ಯವಿದ್ದ ಗಳಿಗೆಯಲ್ಲಿ ಕೊಕ್ಕೆ ಸಮೇತ ಬಕೆಟ್ಟಿಗೆ ಬಿತ್ತು.

ಹೋದ ವಾರ ಕಾಲಿಂಗ್ ಬೆಲ್ ಆಯಿತು. ಬಂದವರು ದೂರದ ನೆಂಟರು, ಕೂತರೆ ಮೂರು ಗಂಟೆ ಏಳದವರು, ಮಾತಿಗೆ ನಾನೇ ಬೇಕು ಎನ್ನುವವರು. ನಾನು ತಟ್ಟನೆ ಆಫೀಸು ಮೂಲೆಗೆ ನುಗ್ಗಿ, ಬಾಗಿಲು ಜಾರಿಸಿ, ಗಾಜಿಗೆ ಅಂಟಿಕೊಂಡು ಉಸಿರು ಬಿಗಿಹಿಡಿದೆ. "ಮನೆಯಲ್ಲಿಲ್ಲ, ಈಗಷ್ಟೇ ಹೊರಗೆ ಹೋದ್ರು" ಎಂದು ಹೆಂಡತಿ ಸಹಜವಾಗಿ ಹೇಳಿದಳು. ನೆಂಟರು ಸೋಫಾದಲ್ಲಿ ಕೂತರು. ಸರಿಯಾಗಿ ನನ್ನ ಎದುರಿಗೇ. ಸ್ವಲ್ಪ ಹೊತ್ತು ಮಾತೇ ಇಲ್ಲ. ಅವರ ಚಪ್ಪಟೆ ಬಣ್ಣ ಗಾಜಿನಾಚೆ ಒಂದು ಕಡೆಗೆ ವಾಲಿ, ಮತ್ತೊಂದು ಕಡೆಗೆ ವಾಲಿತು. ಕತ್ತು ಉದ್ದ ಮಾಡಿ ನೋಡುತ್ತಿದ್ದರು ಅಂತ ಕಾಣುತ್ತದೆ.

ಆಗ ಮಗಳ ದನಿ ಕೇಳಿತು, ಮನೆಗೆಲ್ಲ ಕೇಳುವ ಹಾಗೆ:

"ಅಪ್ಪಾ, ಎರಡು ಹೆಜ್ಜೆ ಹಿಂದಕ್ಕೆ ಹೋಗು. ಕಾಣ್ತಿದೀಯ."