ಊರು ಖಾಲಿ, ಹೆಲ್ಮೆಟ್ ಕಡ್ಡಾಯ

ಇಟಲಿಯ ದಕ್ಷಿಣದಲ್ಲಿ ಕ್ರಾಕೊ ಅಂತ ಒಂದು ಊರಿದೆ. ಇದೆ ಅನ್ನಬೇಕೋ, ಇತ್ತು ಅನ್ನಬೇಕೋ ಗೊತ್ತಾಗುವುದಿಲ್ಲ. ಬಸಿಲಿಕಾತಾ ಸೀಮೆಯ ಬೋಳು ಗುಡ್ಡಗಳ ನಡುವೆ, ಸುಮಾರು 400 ಮೀಟರ್ ಎತ್ತರದ ದಿಬ್ಬದ ನೆತ್ತಿಗೆ ಅಂಟಿಕೊಂಡ ಕಲ್ಲಿನ ಮನೆಗಳು. ಕಿಟಕಿಯಿದೆ, ಬಾಗಿಲಿಲ್ಲ. ಮೆಟ್ಟಿಲಿದೆ, ಮಹಡಿಯಿಲ್ಲ. ಒಳಗೆ ಒಂದು ನರಪಿಳ್ಳೆಯೂ ಇಲ್ಲ. ಆದರೆ ಊರಿಗೆ ಬೇಲಿಯಿದೆ, ಬೇಲಿಗೆ ಗೇಟಿದೆ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಗಾದೆ ಕೇಳಿದ್ದೆ. ಹಾಕಿದ ಬಾಗಿಲನ್ನು ಕಣ್ಣಾರೆ ಕಂಡದ್ದು ಇದೇ ಮೊದಲು.

ಒಳಗೆ ಹೋಗಲು ಟಿಕೆಟ್ ಬೇಕು, ಜೊತೆಗೆ ಗೈಡ್ ಬೇಕು, ತಲೆಗೆ ಹೆಲ್ಮೆಟ್ ಬೇಕು. ನನಗೆ ಸಿಕ್ಕ ಹೆಲ್ಮೆಟ್ಟಿನ ಪಟ್ಟಿ ಹಿಂದಿನ ಸರದಿಯವರ ಬೆವರಿನಿಂದ ಇನ್ನೂ ಒದ್ದೆಯಾಗಿತ್ತು. ಗದ್ದಕ್ಕೆ ಬಿಗಿದುಕೊಳ್ಳುತ್ತಾ ಲೆಕ್ಕ ಹಾಕಿದೆ. 1060ರ ಹೊತ್ತಿಗೇ ಈ ಜಾಗ ಬಿಷಪ್ಪರೊಬ್ಬರ ಒಡೆತನದಲ್ಲಿತ್ತು. ಅಲ್ಲಿಂದ ಒಂಬೈನೂರು ವರ್ಷ ಇಲ್ಲಿ ಮದುವೆ, ಬಾಣಂತನ, ಜಗಳ, ಹಬ್ಬ ಎಲ್ಲ ಬರಿತಲೆಯಲ್ಲೇ ನಡೆದವು. ಈಗ ಸುಮ್ನೆ ನೋಡಿಕೊಂಡು ಬರುವವನ ತಲೆ ಮಾತ್ರ ಸರ್ಕಾರಕ್ಕೆ ಬಲು ದುಬಾರಿ.

ಗುಡ್ಡ ಜೇಡಿಮಣ್ಣಿನದು. ನೀರು ಕುಡಿದರೆ ಜಾರುವುದು ಅದರ ಹುಟ್ಟುಗುಣ. 20ನೇ ಶತಮಾನದಲ್ಲಿ ಊರಿಗೆ ಅಭಿವೃದ್ಧಿ ಬಂತು. ನೀರಿನ ಪೈಪು ಬಂತು, ಒಳಚರಂಡಿ ಬಂತು. ಶತ್ರು ಬಂದಾನೇ ಅಂತ ಕಣ್ಣಿಡಲು ನೆತ್ತಿಯ ಮೇಲೆ ಕಟ್ಟಿದ್ದ ನಾರ್ಮನ್ ಗೋಪುರದೊಳಗೆ ನೀರಿನ ತೊಟ್ಟಿಯೂ ಬಂತು. ಜಾರುವ ಗುಡ್ಡದ ತಲೆಯ ಮೇಲೆ ನೀರು! ಈ ಪೈಪು-ಚರಂಡಿ ಕಾಮಗಾರಿಯೇ ಗುಡ್ಡವನ್ನು ಕೆಣಕಿತು ಅನ್ನುವ ಮಾತಿದೆ. 1963ರಲ್ಲಿ ಮಣ್ಣು ಕುಸಿಯಿತು. ಗೋಪುರ ಕಣಿವೆಯ ಕಡೆ ನೋಡಿಕೊಂಡೇ ಇತ್ತು, ಶತ್ರು ಕಾಲಡಿಯಿಂದ ಬಂದ.

ಜನರನ್ನು ಕೆಳಗೆ ಕಣಿವೆಯ ಕ್ರಾಕೊ ಪೆಸ್ಕಿಯೇರಾಕ್ಕೆ ಇಳಿಸಿದರು. ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ ಅಂತ ವಯಸ್ಸಾದವರ ಬಗ್ಗೆ ಹೇಳುತ್ತಾರೆ. ಇಲ್ಲಿ ತೊಟ್ಟಿಲ ಕೂಸಿಗೂ ಊರು ಹೋಗು ಅಂದಿತು. ಮತ್ತೆ ಹತ್ತಿ ಬರುವ ಆಸೆಯನ್ನು 1972ರ ಪ್ರವಾಹ ಮುರಿಯಿತು. 1980ರ ಭೂಕಂಪ ಉಳಿದದ್ದನ್ನು ಗುಡಿಸಿತು. ಅದಕ್ಕೂ ಮೊದಲು, 1892ರಿಂದ 1922ರ ನಡುವೆ, ಹೊಟ್ಟೆಪಾಡಿಗೆ 1,300ಕ್ಕೂ ಜಾಸ್ತಿ ಜನ ಅಮೆರಿಕದ ಕಡೆ ಹಡಗು ಹತ್ತಿದ್ದರು. ಅವರನ್ನು ನೋಡಲು ಯಾರೂ ಟಿಕೆಟ್ ಕೊಂಡಿರಲಿಲ್ಲ.

2010ರಲ್ಲಿ ಹಳೆ ತಾಣಗಳನ್ನು ಉಳಿಸಲು ದುಡಿಯುವ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಸಂಸ್ಥೆ ತನ್ನ ಕಾಳಜಿಯ ಪಟ್ಟಿಗೆ ಕ್ರಾಕೊವನ್ನು ಸೇರಿಸಿತು. ಅಂದರೆ ಗುಡ್ಡ ಕುಸಿದು 47 ವರ್ಷಕ್ಕೆ. ಪಾಪ, ಸುದ್ದಿಯೂ ಗುಡ್ಡ ಇಳಿದು ಹೋಗಬೇಕಲ್ವಾ?

ಸಿನಿಮಾದವರು ಮಾತ್ರ ತಡ ಮಾಡಲಿಲ್ಲ. ಬಾಗಿಲಿಲ್ಲದ ಮನೆಗಳಿಗೆ ಸೆಟ್ ಹಾಕುವ ಖರ್ಚೂ ಇಲ್ಲ, ಬಾಡಿಗೆ ಕೇಳುವ ಮಾಲೀಕನೂ ಇಲ್ಲ. ಯೇಸುವಿನ ಕೊನೆಯ ದಿನಗಳ ಬಗ್ಗೆ 2004ರಲ್ಲಿ ಬಂದ ಚಿತ್ರದಲ್ಲಿ ಯೂದ ನೇಣು ಹಾಕಿಕೊಳ್ಳುವುದು ಇಲ್ಲೇ. ಮೂವತ್ತು ಬೆಳ್ಳಿ ನಾಣ್ಯಕ್ಕೆ ಗುರುವನ್ನೇ ಮಾರಿದವನು ಸಾಯಲು ಒಳ್ಳೆ ಜಾಗ ಹುಡುಕಿದ. ನಮ್ಮ ಗುಂಪಿನಲ್ಲಿದ್ದ ಒಬ್ಬರು ಆ ಮರ ಯಾವುದು ಅಂತ ಮೂರು ಸಲ ಕೇಳಿದರು. ಬೇಕರಿ ಯಾವುದು, ಶಾಲೆ ಯಾವುದು ಅಂತ ಒಬ್ಬರೂ ಕೇಳಲಿಲ್ಲ.

ಶಾಲೆ ಅಂದಾಗ ನೆನಪಾಯಿತು. 1276ರಲ್ಲಿ ಇಲ್ಲಿ ವಿಶ್ವವಿದ್ಯಾಲಯ ಇತ್ತು ಅಂತ ಪ್ರವಾಸಿ ಬರಹಗಳಲ್ಲಿ ಓದಿಕೊಂಡು ಹೋಗಿದ್ದೆ. ಎಲ್ಲಿ ನೋಡಿದರೂ ಕತ್ತೆ ಕಟ್ಟುವ ಕೊಟ್ಟಿಗೆಯಷ್ಟೇ ಜಾಗ. ಆಮೇಲೆ ಹೊಳೆಯಿತು. ಆ ಕಾಲದ ದಕ್ಷಿಣ ಇಟಲಿಯಲ್ಲಿ ಊರಿನ ಪೌರಸಭೆಗೆ ಹೇಳುತ್ತಿದ್ದ ಹೆಸರೇ ‘ಉನಿವೆರ್ಸಿತಾಸ್’. ಪಂಚಾಯಿತಿಗೆ ಪ್ರವಾಸೋದ್ಯಮ ಬಿಟ್ಟಿಯಾಗಿ ಪದವಿ ಕೊಟ್ಟಿರಬೇಕು. ತೆರಿಗೆ ವಸೂಲಿ ಮಾಡುತ್ತಿದ್ದವರನ್ನು ಪ್ರೊಫೆಸರ್ ಮಾಡಿ ಕೂರಿಸಿದರೆ ಅವರ ಆತ್ಮ ಖುಷಿ ಪಡುತ್ತದೋ ಬೇಜಾರಾಗುತ್ತದೋ.

ಟಿಕೆಟ್ ಮಾರಲು ಊರು ಪೂರ್ತಿ ಖಾಲಿಯಾಗುವವರೆಗೂ ಕಾಯಬೇಕಾಗಿಲ್ಲ ಅಂತ ತೋರಿಸಿಕೊಟ್ಟದ್ದು ರೋಮಿನ ಉತ್ತರಕ್ಕಿರುವ ಚಿವಿತಾ ದಿ ಬಾನ್ಯೊರೆಜ್ಜೊ. ಅದೂ ಕರಗುತ್ತಿರುವ ಗುಡ್ಡದ ಮೇಲಿನ ಹಳೆ ಊರೇ. ಬೆರಳೆಣಿಕೆ ಜನ ಉಳಿದಿದ್ದಾರೆ. ಅದಕ್ಕೆ ‘ಸಾಯುತ್ತಿರುವ ಊರು’ ಅಂತಲೇ ಹೆಸರು. 2013ರಲ್ಲಿ ಪ್ರವೇಶ ಶುಲ್ಕ ಇಟ್ಟರು, ಒಂದೂವರೆ ಯೂರೊ. ಜನ ಮುಗಿಬಿದ್ದರು. ಬಂದ ದುಡ್ಡಿನಲ್ಲಿ ಅಲ್ಲಿನ ಪುರಸಭೆ ಸ್ಥಳೀಯ ತೆರಿಗೆಯನ್ನೇ ತೆಗೆದುಹಾಕಿತು. ಶುಲ್ಕ ಆಮೇಲೆ ಐದು ಯೂರೊಗೆ ಏರಿತು. ಸಾಯುತ್ತಿರುವ ಊರು ಸಾಯದೇ ಇರಬಾರದು, ಸತ್ತೂ ಹೋಗಬಾರದು. ಕಜ್ಜಾಯ ಅಜ್ಜಿಯ ತಿಥಿಯದು, ಅಜ್ಜಿ ಇನ್ನೂ ಜಗಲಿಯ ಮೇಲೆ ಕೂತಿದ್ದಾಳೆ.

ಕ್ರಾಕೊಗೆ ಬರೋಣ. ಗೇಟಿನ ಹತ್ತಿರ ಹೆಲ್ಮೆಟ್ ಬಿಚ್ಚಿ ಕೊಡುವಾಗ ಮರದ ವಿಷಯ ಕೇಳಿದವರೇ ಇನ್ನೊಂದು ಕೇಳಿದರು. ಭೂತಗಳ ಊರು ಅಂತ ಕರೆಯುತ್ತೀರಲ್ಲ, ಭೂತಗಳು ಎಷ್ಟು ಹೊತ್ತಿಗೆ ಕಾಣಿಸಿಕೊಳ್ಳುತ್ತವೆ?

ಗೈಡ್ ಕೆಳಗಿನ ಪೆಸ್ಕಿಯೇರಾದವನು. ಗಡಿಯಾರ ನೋಡಿಕೊಂಡ. ‘ಈಗ ಊಟ ಮಾಡಿ ಮಲಗಿರುತ್ತಾರೆ. ನಾಲ್ಕು ಗಂಟೆಗೆ ಎದ್ದು ಕಾಫಿ ಕುಡಿಯುತ್ತಾರೆ. ನಮ್ಮಪ್ಪನೂ ಇರುತ್ತಾರೆ, ಬೇಕಾದರೆ ಮಾತಾಡಿಸಿ’ ಅಂದ.

ಅವರು ಟಿಕೆಟ್ ಎಷ್ಟು ಅಂತ ಕೇಳಿದರು.